ಜಾಹೀರಾತಿಗೊಬ್ಬ ನೀರುಗಂಟಿ

ಒಂದು ವಿಷಯವನ್ನು ಚೆನ್ನಾಗಿ ಬಲ್ಲವರು ಅದರ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ಏನೂ ತಿಳಿಯದವರಂತೂ ಬಾಯಿ ತೆರೆಯುವುದೇ ಇಲ್ಲ. ನಡುವೆ ಅರ್ಧಂಬರ್ಧ ತಿಳಿದವರದೊಂದು ಪಂಗಡವಿದೆ ನೋಡಿ, ಅವರಿಗೆ ತಮಗೆ ತಿಳಿದಷ್ಟನ್ನು ಇನ್ನೊಬ್ಬರಿಗೆ ವಿವರಿಸದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ನಾನು ಆ ಪಂಗಡದ ಹಿರಿಯ ಸದಸ್ಯ. ಮನೆಗೆ ಹೊಸ ಮಿಕ್ಸಿ ಬಂದ ದಿನ ಅದರ ಬ್ಲೇಡು ಯಾವ ದಿಕ್ಕಿಗೆ ತಿರುಗುತ್ತದೆ, ಆ ದಿಕ್ಕಿಗೇ ಯಾಕೆ ತಿರುಗಬೇಕು ಎಂದು ನನ್ನ ಹೆಂಡತಿ ಸರೋಜಳಿಗೆ ಬಹಳ ಹೊತ್ತು ಹೇಳಿದ್ದೆ. ಅವಳು ತೆಂಗಿನಕಾಯಿ ತುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ, ಸ್ವಿಚ್ಚು ನನ್ನ ಬೆನ್ನ ಹಿಂದೆ ಇದೆಯೆಂದೂ ಸ್ವಲ್ಪ ಆಚೆ ಸರಿದರೆ ಚಟ್ನಿಯಾದರೂ ಆಗುತ್ತದೆಂದೂ ಹೇಳಿದಳು. ಇಷ್ಟು ವರ್ಷ ನನ್ನ ವಿವರಣೆಗಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಅವು ಯಾರಿಗೂ ಅರ್ಥವಾಗಿರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಹೇಳಿದ್ದು ಕೇಳಿದವರಿಗೆ ಪೂರ್ತಿಯಾಗಿ ಅರ್ಥವಾಯಿತು. ಅದರ ಫಲವನ್ನು ಇವತ್ತಿಗೂ ಉಣ್ಣುತ್ತಿದ್ದೇನೆ.

ನಾನು ಮೊದಲು ಮಂಡ್ಯದ ಒಂದು ಸಣ್ಣ ದಿನಪತ್ರಿಕೆಗೆ ಜಾಹೀರಾತು ತರುವ ಕೆಲಸದಲ್ಲಿದ್ದೆ. ಹುಟ್ಟುಹಬ್ಬದ ಶುಭಾಶಯ, ಪುಣ್ಯತಿಥಿಯ ಸ್ಮರಣೆ, ಸೀರೆ ಅಂಗಡಿಯ ಆಷಾಢದ ರಿಯಾಯಿತಿ ಇವೇ ನನ್ನ ಬೆಳೆ. ಒಮ್ಮೆ ಹುಟ್ಟುಹಬ್ಬದ ಫೋಟೋ ಪುಣ್ಯತಿಥಿಗೂ ಪುಣ್ಯತಿಥಿಯದು ಹುಟ್ಟುಹಬ್ಬಕ್ಕೂ ಹೋಗಿ, ಹುಟ್ಟುಹಬ್ಬದವರು ಖುದ್ದಾಗಿ ಕಚೇರಿಗೆ ಬಂದು ತಾವು ಬದುಕಿರುವ ಸಂಗತಿಯನ್ನು ಗಟ್ಟಿ ದನಿಯಲ್ಲಿ ತಿಳಿಸಿ ಹೋದರು. ಪತ್ರಿಕೆ ನಿಂತುಹೋದದ್ದು ಅದರಿಂದಲ್ಲ. ಜನ ಶುಭಾಶಯವನ್ನೂ ಸ್ಮರಣೆಯನ್ನೂ ಫೋನಿನಲ್ಲೇ ಮುಗಿಸತೊಡಗಿದ್ದರು. ಅಂತೂ ನಾನು ಮನೆಯಲ್ಲಿ ಕೂತೆ. ಸರೋಜ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಕಚೇರಿಯಲ್ಲಿ ಗುಮಾಸ್ತೆ. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಆ ಹೊತ್ತಿನಲ್ಲಿ ನಾನು ಮನೆಯನ್ನು ಸುಧಾರಿಸಲು ಹೊರಟೆ. ಸಾಂಬಾರ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಇಂಗು, ಉದ್ದಿನಬೇಳೆ, ಏಲಕ್ಕಿ, ಹೀಗೆ ಸಾಲಾಗಿ. ಸಂಜೆ ಬಂದವಳು ಸಾಸಿವೆಗಾಗಿ ಸಾಲಿನ ಕೊನೆಯವರೆಗೆ ನಡೆಯಬೇಕಾಯಿತು, ಅಷ್ಟರಲ್ಲಿ ಎಣ್ಣೆ ಹೊತ್ತಿಕೊಂಡಿತು. ಮಾರನೆಯ ದಿನವೇ ಅವಳು ತನ್ನ ಕಚೇರಿಯ ಸಹೋದ್ಯೋಗಿಯೊಬ್ಬರ ಬಳಿ, ಸಂಬಳ ಎಷ್ಟಾದರೂ ಇರಲಿ, ಇವರು ಹಗಲು ಮನೆಯಿಂದ ಹೊರಗಿರುವಂಥ ಯಾವುದಾದರೂ ಕೆಲಸ ಕೊಡಿಸಿ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳಂತೆ.

ಆ ಸಹೋದ್ಯೋಗಿಯ ಮಗಳು ಅನನ್ಯ. ಬೆಂಗಳೂರಿನಲ್ಲಿ ಅವಳದೊಂದು ಪುಟ್ಟ ಕಂಪನಿ. ಕಾರು ಮಾರುವವರಿಗೆ ಜಾಹೀರಾತಿನ ಸಾಫ್ಟ್‌ವೇರ್ ಮಾಡಿ ಕೊಡುವುದು ಅದರ ಕಸುಬು. ಮಂಡ್ಯದ ಕಡೆ ಓಡಾಡಲು ಒಬ್ಬರು ಬೇಕೆಂದು ನನ್ನನ್ನು ಸೇರಿಸಿಕೊಂಡಳು. ಒಂದೇ ತಯಾರಕರ ಕಾರು ಮಾರುವ ಬೇರೆ ಬೇರೆ ಊರಿನ ಮಾಲೀಕರು ಬಿಡಿ ಬಿಡಿಯಾಗಿ ಚಿಲ್ಲರೆ ಜಾಹೀರಾತು ಹಾಕುವ ಬದಲು, ಕೂಡಿ ಒಂದು ದೊಡ್ಡ ಜಾಹೀರಾತು ಹಾಕುತ್ತಾರೆ. ಅದು ಜಿಲ್ಲೆಯ ಎಲ್ಲರ ಫೋನಿನಲ್ಲೂ ಬರುತ್ತದೆ. ನೋಡಿದವರು ತಮ್ಮ ಹೆಸರು, ನಂಬರು ಒತ್ತಿದರೆ, ಯಾವ ಶೋರೂಮು ಹತ್ತಿರವೋ ಅಲ್ಲಿಗೆ ಆ ವಿಚಾರಣೆ ತಾನಾಗಿಯೇ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥ ಶೋರೂಮು ಮೂರು: ಮಂಡ್ಯ, ಮದ್ದೂರು, ಮಳವಳ್ಳಿ. ಮೂವರೂ ಸೇರಿದರೆ ಮಾತ್ರ ವ್ಯವಸ್ಥೆ ನಡೆಯುತ್ತದೆ, ಇಲ್ಲವಾದರೆ ದೀಪಾವಳಿ ಹೊತ್ತಿಗೆ ಮಂಡ್ಯದ ಹುದ್ದೆಯನ್ನೇ ತೆಗೆಯಬೇಕಾಗುತ್ತದೆ ಎಂದು ಅನನ್ಯ ಬಹಳ ಸಂಕೋಚದಿಂದ, ಮಾತಿಗೊಮ್ಮೆ ಅಂಕಲ್ ಎನ್ನುತ್ತಾ ಹೇಳಿದಳು. ಮಂಡ್ಯದ ಹುದ್ದೆ ಎಂದರೆ ನಾನೇ. ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ತಿಳಿಸಿದೆ. ಸರೋಜ ಎದ್ದು ಹೋಗಿ ಸಾಂಬಾರ ಡಬ್ಬಿಗಳಿದ್ದ ಕಪಾಟಿಗೆ ಬೀಗ ಹಾಕಿ ಬಂದಳು.

ಮೊದಲು ಹೋದದ್ದು ಮಂಡ್ಯದ ಬೋರೇಗೌಡನ ಬಳಿಗೆ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಹೆದ್ದಾರಿಯ ಬದಿಯಲ್ಲಿ ಗಾಜಿನ ಶೋರೂಮು ಕಟ್ಟಿಸಿದ್ದಾನೆ, ಆದರೂ ಬೆಳಗ್ಗೆ ಗದ್ದೆಗೆ ಹೋಗಿ ಬಾರದೆ ಕುರ್ಚಿಯಲ್ಲಿ ಕೂರುವವನಲ್ಲ. ಕಂಪನಿ ಕೊಟ್ಟ ಲ್ಯಾಪ್‌ಟಾಪು ತೆರೆದು, ಕಂಪನಿ ಕಲಿಸಿದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬಿಡಿ ಬಿಡಿಯಾಗಿದ್ದರೆ ಏನು ನಷ್ಟ, ಕೂಡಿದರೆ ಏನು ಲಾಭ ಎಂಬುದಕ್ಕೆ ಬಣ್ಣ ಬಣ್ಣದ ಚಿತ್ರಗಳಿದ್ದವು. ಅವನು ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ಲೋ ನಂಜುಂಡ, ನನ್ ಬಾಗ್ಲಿಗೆ ಬಂದ ಗಿರಾಕಿನ ನಾನೇ ಕೈ ಇಡ್ದು ಮಳವಳ್ಳಿ ಬಸ್ಸು ಅತ್ತಿಸ್ಬೇಕೇನ್ಲಾ?" ಎಂದ. ಹಾಗಲ್ಲ ಕಣೋ ಎಂದು ಮತ್ತೆ ಮೊದಲಿನಿಂದ ಶುರುಮಾಡಿದೆ. ಅವನು ಇನ್ನೊಂದು ಕಾಫಿ ತರಿಸಿ ಅದನ್ನು ನನ್ನ ಬಾಯಿಗೆ ಹಿಡಿದ. ಕುಡಿಯುವಾಗಲಾದರೂ ಮಾತು ನಿಲ್ಲಲಿ ಎಂಬುದು ಅವನ ಉದ್ದೇಶವಾಗಿತ್ತು.

ಮದ್ದೂರಿನ ನಯಾಜ್ ಪಾಷಾ ಸಾಹೇಬರು ಬೇರೆಯೇ ಬಗೆಯ ಮನುಷ್ಯ. ಅವರ ತಂದೆ ಊರೂರು ತಿರುಗಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಮಗ ಗ್ಯಾರೇಜು ಇಟ್ಟು, ಗ್ಯಾರೇಜು ಬೆಳೆದು ಶೋರೂಮಾಗಿತ್ತು. ಅವರು ನನ್ನ ಯಾವ ಮಾತನ್ನೂ ತಳ್ಳಿಹಾಕಲಿಲ್ಲ, ಯಾವ ಮಾತನ್ನೂ ಒಪ್ಪಲಿಲ್ಲ. ತಲೆದೂಗಿದರು, ಬಹಳ ಒಳ್ಳೆಯದು ಎಂದರು, ಉಳಿದ ಇಬ್ಬರು ಸೇರಿದ ಮೇಲೆ ನಾನು ಬೇಡ ಅಂತೀನಾ ಎಂದರು. ಇಂಥ ಸೌಜನ್ಯದ ಎದುರು ಜಗಳವೂ ಆಡುವಂತಿಲ್ಲ, ವ್ಯಾಪಾರವೂ ಆಗುವುದಿಲ್ಲ. ಮದ್ದೂರಿಗೆ ಹೋದವನಿಗೆ ವಡೆಯಾದರೂ ಸಿಕ್ಕಿರಬೇಕು ಎಂದು ನೀವು ಅಂದುಕೊಂಡಿರಬಹುದು. ಅದನ್ನೂ ಬಸ್ ನಿಲ್ದಾಣದ ಹತ್ತಿರ ನಾನೇ ಕೊಂಡು ತಿಂದೆ.

ಮಳವಳ್ಳಿಯ ಮಾಲೀಕರು ಜಯಮ್ಮ. ಗಂಡ ತೀರಿಕೊಂಡ ಮೇಲೆ ಶೋರೂಮನ್ನೂ ಜಮೀನನ್ನೂ ಒಂದು ಹಿಂಡು ಬಂಡೂರು ಕುರಿಗಳನ್ನೂ ಒಬ್ಬರೇ ನೋಡಿಕೊಳ್ಳುತ್ತಿರುವ ಗಟ್ಟಿಗಿತ್ತಿ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಯಾರನ್ನೇ ಆಗಲಿ ಏಕವಚನದಲ್ಲಿ ಮಾತನಾಡಿಸುತ್ತಾರೆ, ಕಾರು ಕೊಳ್ಳಲು ಬಂದ ತಹಶೀಲ್ದಾರರನ್ನೂ ಹಾಗೆಯೇ ಮಾತನಾಡಿಸಿದರಂತೆ. ನಾನು ಹೋದಾಗ ಅವರು ಶೋರೂಮಿನ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಟಗರಿನ ಬೆನ್ನು ಸವರುತ್ತಿದ್ದರು. ಅಲ್ಲೇ ಒಂದು ಕಲ್ಲಿನ ಮೇಲೆ ಲ್ಯಾಪ್‌ಟಾಪು ಇಟ್ಟು ತೋರಿಸಿದೆ. ಟಗರೂ ಆಸಕ್ತಿಯಿಂದ ಹತ್ತಿರ ಬಂತು. ಕಂಪನಿಯವರ ಚಿತ್ರದಲ್ಲಿ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಒಂದು ಆಕಾರವಿತ್ತು. ಮೇಲಿಂದ ಸಾವಿರಾರು ಜನ ಬಂದು ಕೆಳಗೆ ಕೆಲವರು ಕಾರು ಕೊಳ್ಳುತ್ತಾರೆ ಎಂಬುದು ಅದರ ತಾತ್ಪರ್ಯ. ಜಯಮ್ಮ ಅದನ್ನು ನೋಡಿ, ಸೀಮೆಎಣ್ಣೆ ಸುರಿಯುವ ಲಾಳಿಕೆಯನ್ನು ಯಾಕೆ ಬರೆದಿದ್ದಾರೆ ಎಂದು ಕೇಳಿದರು. ವಿವರಿಸಿದೆ. ಅವರು ಟಗರಿನ ಕಡೆ ನೋಡಿದರು, ಟಗರು ನನ್ನ ಕಡೆ ನೋಡಿತು.

"ನೋಡಪ್ಪ, ನಾವು ನಾಲೆ ಕೊನೇಲಿರೋರು," ಎಂದರು ಜಯಮ್ಮ. "ಮ್ಯಾಲ್ನೋರು ಗದ್ದೆಗೆ ಕಟ್ಕಂಡು, ಎಮ್ಮೆ ತೊಳ್ಕಂಡು, ಮಿಕ್ಕಿದ್ರೆ ನಮ್ಗೆ. ನಿನ್ ಅಡ್ವಟೈಜೂ ಅಂಗೇ ಕಣಪ್ಪ. ಮಂಡ್ಯದೋನೇ ಎಲ್ಲಾನೂ ಕುಡ್ಕತಾನೆ."

ಆಗ ನನ್ನ ತಲೆಯೊಳಗೆ ಬೆಳಕಾಯಿತು. ಈ ಭಾಗದವರಿಗೆ ನಾಲೆಯ ನೀರು ಹೇಗೆ ಹಂಚಿಕೆಯಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ. ಅಣೆಕಟ್ಟೆಯಲ್ಲಿ ನೀರು ಕಡಿಮೆಯಿದ್ದಾಗ ಎಲ್ಲರಿಗೂ ಒಟ್ಟಿಗೆ ಬಿಡುವುದಿಲ್ಲ. ಇಷ್ಟು ದಿನ ಇವರಿಗೆ, ಇಷ್ಟು ದಿನ ಅವರಿಗೆ ಎಂದು ಸರದಿ ಮಾಡುತ್ತಾರೆ. ಆ ಸರದಿಗೆ ಕಟ್ಟು ಎನ್ನುತ್ತಾರೆ. ಲ್ಯಾಪ್‌ಟಾಪು ಮುಚ್ಚಿದೆ. ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ನಾಲೆ ಬರೆದೆ. ಜಾಹೀರಾತು ಎಂದರೆ ಕಟ್ಟೆ, ಬಂದ ವಿಚಾರಣೆಗಳೇ ನೀರು, ಒಂದೊಂದು ಶೋರೂಮಿಗೂ ಒಂದೊಂದು ತೂಬು, ಸಾಫ್ಟ್‌ವೇರ್ ಎಂದರೆ ತೂಬು ತೆಗೆದು ಮುಚ್ಚುವ ನೀರುಗಂಟಿ. ಇಷ್ಟು ಹೇಳುವಷ್ಟರಲ್ಲಿ ಜಯಮ್ಮನ ಮುಖ ಅರಳಿತು. ನನ್ನ ಜೀವನದಲ್ಲಿ ವಿವರಣೆ ಕೇಳಿದವರ ಮುಖ ಅರಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಾಗಾದರೆ ನನಗೂ ಕಟ್ಟಿನ ಪ್ರಕಾರ ಬಿಡುತ್ತೀಯಾ ಎಂದು ಕೇಳಿದರು. ಉತ್ಸಾಹದಲ್ಲಿ ಹೂಂ ಎಂದುಬಿಟ್ಟೆ. ಮಾತಿನ ಭರದಲ್ಲಿ ಕೇಳಿದ್ದು, ಹೋಲಿಕೆಗೆ ಹೇಳಿದ್ದು ಎಂದುಕೊಂಡೆ. ಜಯಮ್ಮನಿಗೆ ಅದು ಹೋಲಿಕೆಯಾಗಿರಲಿಲ್ಲ.

ಅದೇ ನಾಲೆಯನ್ನು ಬೋರೇಗೌಡನ ಗಾಜಿನ ಮೇಜಿನ ಮೇಲೆ ಕಾಫಿಯಲ್ಲಿ ಬೆರಳದ್ದಿ ಬರೆದೆ. ನಯಾಜ್ ಸಾಹೇಬರಿಗೆ ಬಾಯಲ್ಲೇ ಹೇಳಿದೆ. ತಮಗೆ ಗದ್ದೆಯಿಲ್ಲ, ಆದರೆ ಅಪ್ಪನ ಜೊತೆ ಪಂಪ್‌ಸೆಟ್ ರಿಪೇರಿಗೆ ಹೋದಲ್ಲೆಲ್ಲ ನೀರಿನ ಜಗಳವನ್ನೂ ರಿಪೇರಿ ಮಾಡಿ ಬರಬೇಕಾಗುತ್ತಿತ್ತು ಎಂದು ಅವರು ನಕ್ಕರು. ಒಂದು ಮಧ್ಯಾಹ್ನ ಮೂವರೂ ಮದ್ದೂರಿನಲ್ಲಿ ನಯಾಜರ ಶೋರೂಮಿನ ಮಾಳಿಗೆಯಲ್ಲಿ ಸೇರಿದರು. ಎರಡು ದಿನ ಮಳವಳ್ಳಿ, ಎರಡು ದಿನ ಮದ್ದೂರು, ಎರಡು ದಿನ ಮಂಡ್ಯ, ಮತ್ತೆ ಮೊದಲಿನಿಂದ ಎಂದು ತೀರ್ಮಾನವಾಯಿತು. ಮೊದಲ ಕಟ್ಟು ಕೊನೆಯ ಭಾಗಕ್ಕೇ ಎಂದು ನಯಾಜ್ ಹೇಳಿದರು, ಬೋರೇಗೌಡ ಗೊಣಗಿಕೊಂಡೇ ಒಪ್ಪಿದ. ಮೂವರೂ ಸಹಿ ಹಾಕಿದರು. ಅನನ್ಯ ಫೋನಿನಲ್ಲಿ ಕುಣಿದಾಡಿದಳು, ಹೇಗೆ ಮಾಡಿದಿರಿ ಅಂಕಲ್ ಎಂದು ಕೇಳಿದಳು. ಸ್ಥಳೀಯ ಅನುಭವ ಬೇಕಮ್ಮ ಎಂದೆ, ಕಟ್ಟಿನ ವಿಷಯ ಮಾತ್ರ ಹೇಳಲಿಲ್ಲ. ಸರೋಜ ಕಪಾಟಿನ ಬೀಗ ತೆಗೆದಳು, ಕೀಲಿಕೈ ಮಾತ್ರ ತನ್ನ ಬಳಿಯೇ ಇಟ್ಟುಕೊಂಡಳು.

ಜಾಹೀರಾತು ಶುರುವಾದ ದಿನ ಮಳವಳ್ಳಿಯ ಕಟ್ಟು. ಬೆಳಗ್ಗೆ ಮೊದಲ ವಿಚಾರಣೆ ಮಂಡ್ಯದ ಬಡಾವಣೆಯೊಂದರಿಂದ ಬಂತು. ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ಹತ್ತಿರದ ಶೋರೂಮು ಹುಡುಕಿ ಅದನ್ನು ಬೋರೇಗೌಡನಿಗೆ ಕಳಿಸಿತು. ಬೋರೇಗೌಡ ಬಾಯಿ ಮುಚ್ಚಿಕೊಂಡು ಇರಬಹುದಾಗಿತ್ತು. ಆದರೆ ಅವನು ಜಯಮ್ಮನಿಗೆ ಫೋನು ಮಾಡಿ, ನಿಮ್ಮ ಕಟ್ಟಿನಲ್ಲೂ ನೀರು ನನ್ನ ಗದ್ದೆಗೇ ಬಂತು ಎಂದು ಹೇಳಿ ನಕ್ಕಿದ್ದಾನೆ. ಆಮೇಲೆ ಜಯಮ್ಮ ನನಗೆ ಫೋನು ಮಾಡಿದರು. ಅದು ತಾನಾಗಿಯೇ ಹೋಯಿತು, ನಾನೇನೂ ಮಾಡಲಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ತೂಬು ಎಲ್ಲಾದರೂ ತಾನಾಗಿಯೇ ತೆರೆದುಕೊಂಡದ್ದುಂಟೇ, ನಾನೂ ಬೇಕಾದಷ್ಟು ನೋಡಿದ್ದೇನೆ, ಯಾರೋ ತೆಗೆದಿರಲೇಬೇಕು ಎಂಬುದು ಅವರ ವಾದ. ಕಟ್ಟು ತಪ್ಪಿದರೆ ನಾನು ಈ ನಾಲೆಯಲ್ಲೇ ಇರುವುದಿಲ್ಲ ಎಂದರು. ಜಯಮ್ಮ ಬಿಟ್ಟರೆ ಮೂವರಲ್ಲಿ ಇಬ್ಬರು, ಇಬ್ಬರಾದರೆ ಮಂಡ್ಯದ ಹುದ್ದೆಯಿಲ್ಲ, ಹುದ್ದೆಯಿಲ್ಲದಿದ್ದರೆ ನಾನು ಹಗಲಿಡೀ ಮನೆಯಲ್ಲಿ. ಕಂಪನಿಯ ಹುಡುಗನೊಬ್ಬನನ್ನು ಗುಟ್ಟಾಗಿ ಕೇಳಿದೆ. ಸಾಫ್ಟ್‌ವೇರ್‌ಗೆ ದೂರ ಗೊತ್ತು, ಸರದಿ ಗೊತ್ತಿಲ್ಲ ಎಂದ.

ಬೇರೆ ದಾರಿ ಕಾಣಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಮೂರೂ ಶೋರೂಮಿನ ನಂಬರು ಇರಬೇಕಾದ ಜಾಗದಲ್ಲಿ ನನ್ನ ನಂಬರನ್ನೇ ಹಾಕಿಬಿಟ್ಟೆ. ಅಂದಿನಿಂದ ಜಿಲ್ಲೆಯ ಎಲ್ಲ ವಿಚಾರಣೆಯೂ ನನ್ನ ಫೋನಿಗೆ. ನಾನು ಕೂತು, ಇವತ್ತು ಯಾರ ಕಟ್ಟು ಎಂದು ನೋಡಿ, ಕೈಯಾರೆ ಅವರಿಗೆ ಕಳಿಸುವುದು. ಕೃತಕ ಬುದ್ಧಿಯಿಂದ ನಡೆಯುತ್ತದೆಂದು ಕಂಪನಿಯ ಹಾಳೆಯಲ್ಲಿ ಅಚ್ಚಾಗಿತ್ತು. ನಮ್ಮ ಜಿಲ್ಲೆಯ ಮಟ್ಟಿಗೆ ಆ ಬುದ್ಧಿ ನನ್ನದೇ ಆಗಿತ್ತು, ಆದ್ದರಿಂದ ಅಷ್ಟು ಸುಳ್ಳೇನಲ್ಲ.

ನೀರುಗಂಟಿಯ ಬಾಳು ಏನೆಂದು ಆಮೇಲೆ ತಿಳಿಯಿತು. ಜನ ಫೋನು ಒತ್ತುವುದು ರಾತ್ರಿ ಊಟವಾದ ಮೇಲೆ. ರಾತ್ರಿ ಬಂದದ್ದು ಇವತ್ತಿನ ಕಟ್ಟಿಗೋ ನಾಳೆಯ ಕಟ್ಟಿಗೋ ಎಂದು ಜಗಳ. ಮೇಲಿಂದ ಕೊನೆಯವರೆಗೆ ಹರಿದು ಬರುವಷ್ಟರಲ್ಲಿ ಒಂದಷ್ಟು ಇಂಗಿ ಹೋಗುತ್ತದೆ, ಸುಮ್ಮನೆ ತಮಾಷೆಗೆ ಒತ್ತಿದವರೆಲ್ಲ ನನ್ನ ಪಾಲಿಗೇ ಬರುತ್ತಾರೆ, ಅದಕ್ಕೆ ಅರ್ಧ ದಿನ ಹೆಚ್ಚಿಗೆ ಕೊಡು ಎಂದು ಜಯಮ್ಮ. ಅವರ ಕಟ್ಟಿನ ದಿನ ಬೋರೇಗೌಡ ತನ್ನ ಶೋರೂಮಿನ ಮುಂದೆ ಸುಮ್ಮನೆ ನಿಂತಿದ್ದವನೊಬ್ಬನನ್ನು ಒಳಗೆ ಕರೆದು ಕೂರಿಸಿದ್ದಕ್ಕೆ, ರಾತ್ರೋರಾತ್ರಿ ಕಾಲುವೆ ಒಡೆದನೆಂದು ನಯಾಜರ ಬಳಿ ಪಂಚಾಯಿತಿಯಾಯಿತು. ಅವನು ಬೋರೇಗೌಡನ ಭಾವಮೈದ, ಊಟಕ್ಕೆ ಕರೆಯಲು ಬಂದಿದ್ದನಂತೆ. ಪಾಪ, ಅವನೂ ಸಾಕ್ಷಿ ಹೇಳಿ ಹೋದ.

ಇಷ್ಟಾದರೂ ಒಂದು ವಿಚಿತ್ರ ನಡೆಯಿತು. ಕಾರುಗಳು ಹಿಂದೆಂದಿಗಿಂತ ಹೆಚ್ಚಾಗಿ ಮಾರಾಟವಾದವು. ಮಂಡ್ಯದವನನ್ನು ಮಳವಳ್ಳಿಗೆ, ಮಳವಳ್ಳಿಯವನನ್ನು ಮದ್ದೂರಿಗೆ ಕಳಿಸಿದರೆ ಜನ ಬಯ್ಯುತ್ತಾರೆಂದು ನಾನು ಹೆದರಿದ್ದೆ. ಆದರೆ ನಮ್ಮ ಕಡೆಯವರಿಗೆ ಊರಿನ ಶೋರೂಮಿಗೆ ಕಾಲಿಡುವುದೇ ಕಷ್ಟ. ಒಳಗೆ ಹೋದ ಸುದ್ದಿ ಆಚೆ ಬರುವಷ್ಟರಲ್ಲಿ ದಾಯಾದಿಗಳಿಗೆ ಮುಟ್ಟಿರುತ್ತದೆ, ಅವರ ಕಣ್ಣು ಬಿದ್ದಿರುತ್ತದೆ, ಸಾಲ ಕೇಳುವವರು ಬಾಗಿಲಿಗೆ ಬಂದಿರುತ್ತಾರೆ. ಬೇರೆ ಊರಿನಲ್ಲಾದರೆ ಮನೆಮಂದಿಯೆಲ್ಲ ಹೋಗಿ, ಎಲ್ಲ ಬಾಗಿಲನ್ನೂ ತೆಗೆದು ಹಾಕಿ ನೋಡಿ, ನಿಶ್ಚಿಂತೆಯಿಂದ ಕೊಂಡು, ಗಾಡಿ ಮನೆಮುಂದೆ ನಿಂತ ಮೇಲೆ ಊರಿಗೆ ತಿಳಿಸಬಹುದು. ಮಳವಳ್ಳಿಗೆ ಹೋದವರಿಗೆ ಜಯಮ್ಮನ ಮನೆಯಲ್ಲಿ ಊಟವೂ ಆಗುತ್ತಿತ್ತು.

ಮಾರಾಟ ಏರಿದ್ದೇ ನನಗೆ ಕುತ್ತಾಯಿತು. ಮಂಡ್ಯ ಜಿಲ್ಲೆಯ ಯಶಸ್ಸನ್ನು ಚಿತ್ರೀಕರಿಸಿ ಬೇರೆ ಜಿಲ್ಲೆಗಳಿಗೆ ತೋರಿಸಬೇಕೆಂದು ಅನನ್ಯ ಕ್ಯಾಮೆರಾದವನೊಬ್ಬನ ಜೊತೆ ಮದ್ದೂರಿಗೆ ಬಂದಳು. ಅದೇ ಮಾಳಿಗೆಯಲ್ಲಿ ಮೂವರನ್ನೂ ಸಾಲಾಗಿ ಕೂರಿಸಿದರು. ಜಯಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಬೋರೇಗೌಡ ಮೀಸೆಗೆ ಬಣ್ಣ ಹಚ್ಚಿದ್ದ. ಸಾಫ್ಟ್‌ವೇರ್ ಕೆಲಸವನ್ನೇ ಮಾಡುತ್ತಿಲ್ಲ ಎಂಬ ಗುಟ್ಟು ಹೊರಬಿದ್ದರೆ ನನ್ನ ಕತೆ ಮುಗಿಯಿತೆಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ನಿಮಗೆ ಯಾವ ಭಾಗ ಬಹಳ ಇಷ್ಟವಾಯಿತು ಎಂದು ಅನನ್ಯ ಕೇಳಿದಳು. ಜಯಮ್ಮ ಸ್ವಲ್ಪವೂ ಯೋಚಿಸದೆ ನನ್ನ ಕಡೆ ಬೆರಳು ಮಾಡಿ, ಈ ಭಾಗ ಎಂದರು. ಅನನ್ಯ ನಕ್ಕಳು, ಆಮೇಲೆ ನಗು ನಿಲ್ಲಿಸಿ ಲ್ಯಾಪ್‌ಟಾಪು ತೆರೆದು ನೋಡಿದಳು. ಮೂರು ಶೋರೂಮಿಗೂ ಒಂದೇ ನಂಬರು ಇರುವುದೇಕೆ ಅಂಕಲ್ ಎಂದಳು.

ನಾನು ವಿವರಿಸಲು ಬಾಯಿ ತೆರೆದೆ. ಮೂವರೂ ಒಟ್ಟಿಗೆ ಕೈಯೆತ್ತಿ ತಡೆದರು. ನಯಾಜ್ ಸಾಹೇಬರು ಎರಡೇ ಮಾತಿನಲ್ಲಿ ನಡೆದದ್ದನ್ನು ಹೇಳಿ ಮುಗಿಸಿದರು. ನಾನಾಗಿದ್ದರೆ ಕಾವೇರಿಯ ಉಗಮದಿಂದ ಶುರುಮಾಡುತ್ತಿದ್ದೆ. ಅನನ್ಯ ಸಿಟ್ಟಾಗಲಿಲ್ಲ. ಒಳ್ಳೆಯ ಹುಡುಗಿ, ಇದು ಚೆನ್ನಾಗಿದೆ, ಈ ಸರದಿಯನ್ನು ನಾವು ಸಾಫ್ಟ್‌ವೇರ್ ಒಳಗೇ ಸೇರಿಸಿಬಿಡುತ್ತೇವೆ, ಇನ್ನು ಮೇಲೆ ಅಂಕಲ್ ಕಷ್ಟಪಡಬೇಕಾಗಿಲ್ಲ ಎಂದಳು. ಅವಳು ಉಪಕಾರ ಮಾಡುತ್ತಿದ್ದೇನೆಂದೇ ಹೇಳಿದ್ದು. ನನಗಾಗಿ ಕಾಯುತ್ತಿರುವ ಕಪಾಟು, ಅದರ ಬೀಗ, ಬೀಗದ ಹಿಂದಿನ ಸರೋಜಳ ಮುಖ ಎಲ್ಲವೂ ಕಣ್ಣ ಮುಂದೆ ಬಂದವು.

"ನಾಲೆಗೆ ಗೇಟು ಇಟ್ಟವ್ರೆ ಅಂತ ನೀರ್ಗಂಟಿನ ತಗ್ದಾರೇನವ್ವ?" ಎಂದ ಬೋರೇಗೌಡ. ಅವನು ನನ್ನ ಪರವಾಗಿ ಮಾತನಾಡಿದ್ದು ಹೈಸ್ಕೂಲಿನ ನಂತರ ಅದೇ ಮೊದಲು.

"ನೋಡು ಮಗ, ಕಟ್ಟು ತಪ್ಪುದ್ರೆ ಯಾರ್ನಾದ್ರೂ ಬಯ್ಬೇಕಲ್ಲ?" ಎಂದರು ಜಯಮ್ಮ. "ಮಿಸೀನ್ನ ಬಯ್ದ್ರೆ ಏನ್ ಬಂತು. ಅದು ಮಕ ಸಪ್ಪಗೆ ಮಾಡ್ಕಂಡದಾ? ಇವನ್ನ ಬಯ್ದ್ರೆ ಮಕ ಸಪ್ಪಗೆ ಮಾಡ್ಕತಾನೆ, ನಮ್ಗೂ ವಸಿ ಸಮಾಧಾನ ಆಯ್ತದೆ. ನಿನ್ ಮಿಸೀನೂ ಇರ್ಲಿ, ಇವನೂ ಇರ್ಲಿ ಬುಡು."

ನಯಾಜ್ ಸಾಹೇಬರು ಎಂದಿನಂತೆ ತಲೆದೂಗಿದರು. ಈ ಸಲ ಅದು ಒಪ್ಪಿಗೆಯೇ ಆಗಿತ್ತು. ಹೀಗೆ ನನ್ನ ಕೆಲಸ ಉಳಿಯಿತು. ಈಗ ವಿಚಾರಣೆಗಳನ್ನು ಸಾಫ್ಟ್‌ವೇರೇ ಕಟ್ಟಿನ ಪ್ರಕಾರ ಹಂಚುತ್ತದೆ, ನನಗಿಂತ ಚೆನ್ನಾಗಿಯೇ ಹಂಚುತ್ತದೆ. ನನ್ನ ಗುರುತಿನ ಚೀಟಿಯಲ್ಲಿ ಗ್ರಾಹಕ ಬಾಂಧವ್ಯದ ಹಿರಿಯ ವ್ಯವಸ್ಥಾಪಕ ಎಂದು ಅಚ್ಚಾಗಿದೆ. ಮೂರು ಊರಿನಿಂದ ಬರುವ ಬೈಗುಳವನ್ನು ಕೇಳಿಸಿಕೊಂಡು ಮುಖ ಸಪ್ಪಗೆ ಮಾಡಿಕೊಳ್ಳುವುದು ನನ್ನ ಕೆಲಸ. ಫೋನಿನಲ್ಲಿ ಮುಖ ಕಾಣುವುದಿಲ್ಲವೆಂದು ಜಯಮ್ಮ ಈಚೆಗೆ ವೀಡಿಯೋ ಕರೆಯನ್ನೇ ಮಾಡುತ್ತಾರೆ.

ಅಂದು ಮದ್ದೂರಿನಿಂದ ಮನೆಗೆ ಬಂದವನು ಕೆಲಸ ಕಾಯಂ ಆಯಿತೆಂದಷ್ಟೇ ಹೇಳಿದೆ, ಕಾರಣ ಹೇಳಲಿಲ್ಲ. ಸರೋಜ ಬಿಡುವವಳೇ? ಒಂದೊಂದಾಗಿ ಕೇಳಿ ಎಲ್ಲವನ್ನೂ ಹೊರಗೆ ಎಳೆದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಬೈಸ್ಕೊಂಡು ಸುಮ್ನೆ ನಿಲ್ಲೋದನ್ನ ಇಷ್ಟ್ ವರ್ಷ ಕಲಿಸ್ದೋಳು ನಾನು. ಸಂಬಳ ನಿಮ್ಗಾ?" ಎಂದಳು. ಅದು ಹಾಗಲ್ಲ, ಇದೊಂದು ಆಡಳಿತ ಕೌಶಲ ಎಂದು ವಿವರಿಸತೊಡಗಿದೆ. ಮಾತು ಮಾತಿಗೆ ಬೆಳೆಯಿತು. ಸಾಸಿವೆ ಡಬ್ಬಿಯಿಂದ ಹಿಡಿದು, ನಮ್ಮ ಮದುವೆಯ ದಿನ ನಾನು ಪುರೋಹಿತರಿಗೇ ಮುಹೂರ್ತದ ಅರ್ಥ ಹೇಳಿಕೊಡಲು ಹೋದದ್ದರವರೆಗೆ ಎಲ್ಲವೂ ಹೊರಗೆ ಬಂತು. ನನ್ನ ಮುಖ ತಾನಾಗಿಯೇ ಸಪ್ಪಗಾಗಿತ್ತು. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನು ಬಡಿದುಕೊಂಡಿತು. ಬದುಕಿದೆ ಎಂದು ಕೈ ಚಾಚಿದೆ. ಸರೋಜ ನನಗಿಂತ ಮೊದಲೇ ಅದನ್ನು ಎತ್ತಿಕೊಂಡು, ಯಾರೆಂದು ನೋಡಿ, ಬಹಳ ಮರ್ಯಾದೆಯಿಂದ ಮಾತನಾಡಿದಳು.

"ವಸಿ ತಡೀರಿ ಜಯಮ್ಮ, ಈಗ ನನ್ ಕಟ್ಟು ನಡೀತಾ ಅದೆ. ಮುಗುದ್ಮೇಲೆ ನಿಮ್ ಕಡೆ ಬುಡ್ತೀನಿ."